ಹಗ್ಗವೋ ನೊಗವೋ: ಓದುಗರ ಪ್ರಶ್ನೆ, ಕೆಮಿಸ್ಟ್ ಉತ್ತರ

ಹೋದ ತಿಂಗಳು ಇಲ್ಲಿ ಒಂದು ಸಾಲು ಬರೆದು ಸಿಕ್ಕಿಹಾಕಿಕೊಂಡೆ. ‘ಬೊಮ್ಮಸಂದ್ರದ ಲ್ಯಾಬ್‌ನಲ್ಲಿ ನಾನು ಜಾಸ್ತಿ ದಿನ ಮಾಡಿದ್ದು ಔಷಧವನ್ನಲ್ಲ, ಔಷಧದ ಎರಡು ತುದಿಗಳ ನಡುವಿನ ಹಗ್ಗವನ್ನು’ ಅಂತ. ಯಾವ ಹಗ್ಗ, ಯಾಕೆ ಹಗ್ಗ ಅಂತ ಕೇಳಿ ಒಂದು ರಾಶಿ ಕಾಗದ ಬಂದಿವೆ. ಈ ಸಲ ಪೂರ್ತಿ ಅದಕ್ಕೇ ಮೀಸಲು. ಬೆಳ್ಳಿ ದೀಪ ಯಾಕೆ ಕಪ್ಪಾಗುತ್ತದೆ ಎಂದು ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಔಷಧಕ್ಕೆ ಎರಡು ತುದಿ, ನಡುವೆ ಹಗ್ಗ. ಏನೂ ಅರ್ಥವಾಗಲಿಲ್ಲ. ಮೊದಲಿಂದ ಹೇಳಿ. (ಶಿರಸಿಯ ಓದುಗರು)

ನೀವು ಶಿರಸಿಯವರು, ಮರದ ಉದಾಹರಣೆ ಸಾಕು. ಕಡಿಯಬೇಕಾದ ಮರಕ್ಕೆ ಫಾರೆಸ್ಟ್‌ನವರು ಬಂದು ನಂಬರ್ ಹೊಡೆಯುತ್ತಾರಲ್ಲ, ಜೀವಕೋಶದೊಳಗೂ ಅಂಥದೊಂದು ಏರ್ಪಾಡು ಇದೆ. ಕೆಲಸ ಮುಗಿದ ಅಥವಾ ಕೆಟ್ಟುಹೋದ ಪ್ರೋಟೀನಿನ ಮೇಲೆ ಉಬಿಕ್ವಿಟಿನ್ ಎಂಬ ಮುದ್ರೆ ಬೀಳುತ್ತದೆ. ಈ ಮುದ್ರೆಯೂ ಒಂದು ಪ್ರೋಟೀನೇ, 76 ಅಮೈನೋ ಆಮ್ಲಗಳ ಪುಟಾಣಿ. ಮುದ್ರೆ ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಯಂತ್ರ ಒಳಗೆಳೆದುಕೊಂಡು ಚೂರು ಮಾಡುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ ಆರನ್ ಚೆಕನೋವರ್, ಅವ್ರಾಮ್ ಹರ್ಷ್ಕೋ, ಇರ್ವಿನ್ ರೋಸ್ ಮೂವರಿಗೆ 2004ರ ಕೆಮಿಸ್ಟ್ರಿ ನೊಬೆಲ್ ಬಂತು. ಮುದ್ರೆ ಒತ್ತಿಸುವ ಗಾರ್ಡ್‌ಗೆ ಇ3 ಲೈಗೇಸ್ ಎಂದು ಹೆಸರು. ನಮ್ಮ ಮೈಯಲ್ಲಿ ಇಂಥ ಗಾರ್ಡ್‌ಗಳು ಸುಮಾರು 600 ಬಗೆ.

ಕಿತಾಪತಿ ಶುರುವಾಗುವುದು ಇಲ್ಲಿಂದ. ರೋಗ ತರುವ ಪ್ರೋಟೀನಿಗೆ ಯಾರೂ ನಂಬರ್ ಹೊಡೆಯುತ್ತಿಲ್ಲ ಅಂದುಕೊಳ್ಳಿ. ಒಂದು ಕೈಯಲ್ಲಿ ಆ ಪ್ರೋಟೀನನ್ನೂ ಇನ್ನೊಂದು ಕೈಯಲ್ಲಿ ಗಾರ್ಡನ್ನೂ ಹಿಡಿದುಕೊಳ್ಳುವ ಒಂದು ಅಣುವನ್ನು ಒಳಗೆ ಬಿಟ್ಟರೆ? ಗಾರ್ಡ್ ಪಕ್ಕಕ್ಕೆ ಬಂದು ನಿಂತ, ಕೈಯಲ್ಲಿ ಮುದ್ರೆ ಇದೆ, ಹೊಡೆದ. ಪ್ರೋಟೀನ್ ಚೂರಾಯಿತು. ಅಣು ಮಾತ್ರ ಹಾಗೇ ಬಿಡಿಸಿಕೊಂಡು ಮುಂದಿನದನ್ನು ಹುಡುಕುತ್ತದೆ. ಮಾಮೂಲಿ ಔಷಧ ಬೀಗದಲ್ಲಿ ಮುರಿದ ಕೀಲಿಯ ಹಾಗೆ ಅಲ್ಲೇ ಕೂತಿರಬೇಕು, ಎದ್ದರೆ ಕೆಲಸ ನಿಂತಿತು. ಇದಕ್ಕೆ ಆ ಕಷ್ಟವಿಲ್ಲ.

ಈ ಅಣುವಿನ ಹೆಸರು ಪ್ರೋಟ್ಯಾಕ್. ಯೇಲ್‌ನ ಕ್ರೇಗ್ ಕ್ರೂಸ್, ಕ್ಯಾಲ್ಟೆಕ್‌ನ ರೇಮಂಡ್ ಡೆಷೇಸ್ ಗುಂಪುಗಳು ಸೇರಿ 2001ರಲ್ಲಿ ಮೊದಲನೆಯದನ್ನು ತೋರಿಸಿದವು. ಅದರ ಒಂದು ಕೈ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರ. ಜೀವಕೋಶದ ಪೊರೆ ದಾಟುವಂಥದ್ದಲ್ಲ, ಹಾಗಾಗಿ ಕಪ್ಪೆಮೊಟ್ಟೆಯ ರಸದಲ್ಲಿ ಮಾಡಿ ತೋರಿಸಿದರು. ಎರಡೂ ಕೈ ಸಣ್ಣ ಅಣುಗಳೇ ಆಗಿರುವ ಪ್ರೋಟ್ಯಾಕ್ ಬಂದದ್ದು 2008ರಲ್ಲಿ. ಎರಡು ಕೈಗಳ ನಡುವೆ ಇರುವ ತೋಳೇ ಲಿಂಕರ್. ನನ್ನ ಹಗ್ಗ ಅಂದರೆ ಅದೇ.

ಪ್ರಶ್ನೆ: ಸರ್, ನಾನು ಎಂ.ಎಸ್‌ಸಿ. ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಫ್ಲೆಕ್ಸಿಬಲ್ ಲಿಂಕರ್, ಪೆಗ್, ಆಲ್ಕೈಲ್ ಚೈನ್ ಅಂತ ಇರುತ್ತದೆ. ಬಳುಕುವುದರಿಂದ ಏನು ಲಾಭ? ಬಿಗಿಯಾಗಿದ್ದರೆ ಇನ್ನೂ ಒಳ್ಳೆಯದಲ್ವಾ? (ಹಾಸನದ ವಿದ್ಯಾರ್ಥಿನಿ)

ನೋಡಮ್ಮಾ, ನಮ್ಮಪ್ಪ ರಾಗಿ ಬೆಳೆಯುತ್ತಿದ್ದರು. ಮನೆಯಲ್ಲಿ ಎರಡು ನೊಗ ಇದ್ದವು. ಉಳುವುದಕ್ಕೆ ಗಿಡ್ಡದು, ಪೈರಿನ ನಡುವೆ ಕುಂಟೆ ಹೊಡೆಯುವುದಕ್ಕೆ ಉದ್ದದ್ದು. ಕುಂಟೆ ಹೊಡೆಯುವಾಗ ಎತ್ತುಗಳು ಬೇರೆಬೇರೆ ಸಾಲಿನಲ್ಲಿ ನಡೆಯಬೇಕು. ನೊಗದ ಅಳತೆ ತಪ್ಪಿದರೆ ಎತ್ತು ಪೈರಿನ ಮೇಲೇ ಕಾಲಿಡುತ್ತದೆ. ಅಪ್ಪ ನೊಗ ಕೊರೆಸುವ ಮೊದಲು ಸಾಲಿನ ಅಂತರ ಅಳೆದುಕೊಂಡು ಬಡಗಿಯ ಹತ್ತಿರ ಹೋಗುತ್ತಿದ್ದರು.

ನಮ್ಮ ಕಷ್ಟ ಏನೆಂದರೆ ನಮಗೆ ಆ ಅಂತರವೇ ಗೊತ್ತಿರುವುದಿಲ್ಲ. ರೋಗದ ಪ್ರೋಟೀನೂ ಗಾರ್ಡೂ ಒಂದರ ಮುಖ ಒಂದು ನೋಡಿದವೇ ಅಲ್ಲ. ಯಾವ ಕಡೆ ತಿರುಗಿ ನಿಂತರೆ ಹೊಂದಿಕೊಳ್ಳುತ್ತವೆ, ಎಷ್ಟು ದೂರದಲ್ಲಿ, ಯಾರಿಗೆ ಗೊತ್ತು? ಅಳತೆ ತಿಳಿಯದೆ ನೊಗ ಕೊರೆಸುವವರಿಲ್ಲ. ಮೊದಲು ಹಗ್ಗ ಕಟ್ಟಿ ಬಿಡುತ್ತೇವೆ. ಎತ್ತುಗಳೇ ತಮಗೆ ಸರಿಹೋದ ಜಾಗದಲ್ಲಿ ನಿಲ್ಲಲಿ.

ಹಗ್ಗಕ್ಕೆ ಪೆಗ್ ಯಾಕೆ ಬಳಸುತ್ತೇವೆ ಅಂದರೆ ಅದು ಮಣಿಸರದ ಹಾಗೆ. ಎರಡು ಇಂಗಾಲ, ಒಂದು ಆಕ್ಸಿಜನ್ ಸೇರಿ ಒಂದು ಮಣಿ, ಹೈಡ್ರೋಜನ್‌ಗಳೂ ಸೇರಿ ತೂಕ 44. ಪೂರ್ತಿ ಎಳೆದರೆ ಒಂದು ಮಣಿಗೆ ಸುಮಾರು ಮೂರೂವರೆ ಆಂಗ್‌ಸ್ಟ್ರಾಂ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಉದ್ದ. ಎರಡು ಮಣಿ, ಮೂರು, ನಾಲ್ಕು, ಐದು, ಹೀಗೆ ಬೇಕಾದಷ್ಟು ಉದ್ದದ್ದು ಸಿದ್ಧ ಸಿಗುತ್ತದೆ. ಜೋಡಿಸುವ ಕೊಂಡಿಗಳಾಗಿ ಒಂದು ತುದಿಗೆ ಅಮೀನ್, ಇನ್ನೊಂದಕ್ಕೆ ಆಸಿಡ್. ಆ ಕಡೆ ಒಂದು ಕಪ್ಲಿಂಗ್ (ಜೋಡಣೆ), ಈ ಕಡೆ ಒಂದು ಕಪ್ಲಿಂಗ್, ಕೆಲಸ ಮುಗಿಯಿತು. ಆಲ್ಕೈಲ್ ಚೈನ್ ಅಂದರೆ ಬರೀ ಇಂಗಾಲದ ಸರ, ಅದೂ ಬಳುಕುತ್ತದೆ, ಆದರೆ ನೀರಿಗೆ ಮುಖ ತಿರುಗಿಸುತ್ತದೆ. ಪೆಗ್‌ಗೆ ನೀರೆಂದರೆ ಇಷ್ಟ. ಆ ಇಷ್ಟ ನನಗೆ ಎಷ್ಟು ದುಬಾರಿ ಬಿತ್ತು ಅಂತ ಮುಂದೆ ಹೇಳುತ್ತೇನೆ.

ಒಂದು ನಿಜವಾದ ಕೇಸ್ ನೋಡು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಅಲೆಸ್ಸಿಯೋ ಚುಲ್ಲಿ ಅವರ ಗುಂಪು 2015ರಲ್ಲಿ ಎಂಜೆಡ್1 ಎಂಬ ಪ್ರೋಟ್ಯಾಕ್ ಮಾಡಿತು. ಅದರ ಒಂದು ಕೈ ಜೆಕ್ಯೂ1 ಎಂಬ ಸಣ್ಣ ಅಣು, ಇನ್ನೊಂದು ಕೈ ವಿಎಚ್‌ಎಲ್ ಎಂಬ ಗಾರ್ಡನ್ನು ಹಿಡಿಯುವಂಥದ್ದು, ನಡುವೆ ಮೂರು ಮಣಿ ಪೆಗ್. ಜೆಕ್ಯೂ1ಗೆ ಬಿಆರ್‌ಡಿ2, ಬಿಆರ್‌ಡಿ3, ಬಿಆರ್‌ಡಿ4 ಎಂಬ ಅಣ್ಣತಮ್ಮ ಪ್ರೋಟೀನುಗಳಲ್ಲಿ ಭೇದವಿಲ್ಲ, ಮೂರನ್ನೂ ಹೆಚ್ಚುಕಡಿಮೆ ಒಂದೇ ಥರ ಹಿಡಿಯುತ್ತದೆ. ಆದರೆ ಎಂಜೆಡ್1 ಹಾಕಿದಾಗ ಮೊದಲು ಮಾಯವಾಗಿದ್ದು ಬಿಆರ್‌ಡಿ4. ಒಂದು ಮಣಿ ಜಾಸ್ತಿ ಇದ್ದ ಎಂಜೆಡ್2 ಇಷ್ಟು ಚುರುಕಾಗಿರಲಿಲ್ಲ. ಹಿಡಿಯುವ ಕೈ ಬದಲಾಗಿಲ್ಲ, ಬದಲಾಗಿದ್ದು ಒಂದು ಮಣಿ.

ಯಾಕೆ ಅಂತ ಗೊತ್ತಾಗಿದ್ದು 2017ರಲ್ಲಿ. ಗಾರ್ಡ್, ಎಂಜೆಡ್1, ಬಿಆರ್‌ಡಿ4ರ ತುಂಡು, ಮೂರೂ ಸೇರಿದ ಹರಳು ಬೆಳೆಸಿ ಎಕ್ಸ್-ರೇ ಚಿತ್ರ ತೆಗೆದರು. ಆ ಚಿತ್ರವನ್ನು ಲ್ಯಾಬ್‌ನ ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ಇನ್ನೂ ನೆನಪಿದೆ. ಹಗ್ಗ ಬಿಗಿಯಾಗಿ ಎಳೆದುಕೊಂಡು ನಿಂತಿರುತ್ತದೆ ಅಂತ ನಾನು ಅಂದುಕೊಂಡಿದ್ದೆ. ನೋಡಿದರೆ ಮಡಿಸಿಕೊಂಡು ಕೂತಿದೆ! ಎರಡು ಪ್ರೋಟೀನುಗಳು ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ನಿಂತಿವೆ. ಹಾಗೆ ತಾಗುವ ಜಾಗದಲ್ಲಿ ಅವೂ ಒಂದನ್ನೊಂದು ಹಿಡಿದುಕೊಂಡಿವೆ. ಬಿಆರ್‌ಡಿ4ರ ಕೆನ್ನೆ ಹೊಂದಿಕೊಂಡಷ್ಟು ಅದರ ಅಣ್ಣತಮ್ಮಂದಿರದು ಹೊಂದಿಕೊಳ್ಳಲಿಲ್ಲ. ಹಗ್ಗ ಬಳುಕುತ್ತಿದ್ದರಿಂದ ತಾನೇ ಅವು ಆ ಭಂಗಿ ಹುಡುಕಿಕೊಂಡದ್ದು? ಮೊದಲೇ ನೊಗ ಹಾಕಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹಾಗಂತ ಗಿಡ್ಡ ಹಗ್ಗವೇ ಒಳ್ಳೆಯದು ಅಂತ ಬರೆದುಕೊಳ್ಳಬೇಡ. ಫೈಜರ್‌ನವರು ಬಿಟಿಕೆ ಎಂಬ ಪ್ರೋಟೀನಿನ ಮೇಲೆ ಸಾಲಾಗಿ ಬೇರೆಬೇರೆ ಉದ್ದದ ಲಿಂಕರ್ ಹಾಕಿ 2018ರಲ್ಲಿ ವರದಿ ಮಾಡಿದರು. ಅಲ್ಲಿ ಗಿಡ್ಡದು ಕೆಲಸಕ್ಕೆ ಬರಲಿಲ್ಲ, ಪ್ರೋಟೀನುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಉದ್ದದ್ದೇ ಗೆದ್ದಿತು. ಆ ಜೋಡಿಗೆ ಕೆನ್ನೆ ತಾಗಿಸಿ ನಿಲ್ಲುವ ಮನಸ್ಸಿರಲಿಲ್ಲ, ಅಷ್ಟೇ. ಸೆಮಿನಾರ್‌ನಲ್ಲಿ ಯಾರಾದರೂ ‘ಇಷ್ಟೇ ಉದ್ದ ಸರಿ’ ಅಂತ ಸೂತ್ರ ಹೇಳಿದರೆ ಕೇಳಿಸಿಕೋ, ನೋಟ್ಸಿಗೆ ಹಾಕಬೇಡ.

ಈಗ ಬಳುಕಿನ ಖರ್ಚಿನ ಲೆಕ್ಕ. ಹಗ್ಗದಲ್ಲಿ ತಿರುಗುವ ಬಂಧ 12 ಇವೆ ಅನ್ನು. ಒಂದೊಂದಕ್ಕೆ ಮೂರು ಆರಾಮದ ಭಂಗಿ. ಮೂರನ್ನು 12 ಸಲ ಗುಣಿಸಿದರೆ 5,31,441. ಒಂದರ ಮೇಲೊಂದು ಬೀಳುವ ಭಂಗಿಗಳನ್ನು ಬಿಟ್ಟರೂ ಇನ್ನೂ ಬೇಕಾದಷ್ಟು ಉಳಿಯುತ್ತವೆ. ಅಷ್ಟೆಲ್ಲ ಕುಣಿಯುವ ಹಗ್ಗವನ್ನು ಒಂದೇ ಭಂಗಿಯಲ್ಲಿ ಕಟ್ಟಿಹಾಕಬೇಕಾದರೆ ಶಕ್ತಿಯಲ್ಲಿ ತೆರಿಗೆ ಕಟ್ಟಬೇಕು. ನಿನ್ನ ಪುಸ್ತಕದ ಎಂಟ್ರೊಪಿ ಅಂದರೆ ಇದೇ. ಎರಡನೇ ಖರ್ಚು ಲಿವರಿನದು. ಪೆಗ್‌ನ ಆಕ್ಸಿಜನ್ ಪಕ್ಕದ ಇಂಗಾಲ ಅಂದರೆ ಲಿವರಿನ ಕಿಣ್ವಗಳಿಗೆ ಬಲು ಪ್ರೀತಿ. ಅಲ್ಲೇ ಕತ್ತರಿಸುತ್ತವೆ. ಹಗ್ಗ ತುಂಡಾದರೆ ಎರಡು ಕೈ ಬೇರೆಬೇರೆ ದಿಕ್ಕಿಗೆ. ಮೂರನೆಯದು ತೂಕ. ನುಂಗುವ ಮಾತ್ರೆಯ ಅಣು 500ರ ಒಳಗಿದ್ದರೆ ಒಳ್ಳೆಯದು ಅಂತ ಔಷಧ ವಿಜ್ಞಾನಿ ಲಿಪಿನ್‌ಸ್ಕಿ 1997ರಲ್ಲಿ ಒಂದು ಅಂದಾಜು ಕೊಟ್ಟರು. ಆಸ್ಪಿರಿನ್ 180. ಎಂಜೆಡ್1 ಸುಮಾರು 1,000!

ಅದಕ್ಕೇ ಅಳತೆ ಸಿಕ್ಕಿದ ಮೇಲೆ ಹಗ್ಗ ಬಿಚ್ಚಿ ನೊಗ ಹಾಕುತ್ತಾರೆ. ರೋಗಿಗಳಲ್ಲಿ ಮೊದಲು ಪರೀಕ್ಷೆಗೆ ಇಳಿದ ಎರಡು ಪ್ರೋಟ್ಯಾಕ್‌ಗಳು ಆರ್ವಿನಾಸ್ ಕಂಪನಿಯ ಎಆರ್‌ವಿ-110 ಮತ್ತು ಎಆರ್‌ವಿ-471. ವರ್ಷ 2019. ಎರಡರಲ್ಲೂ ಪೆಗ್ ಇಲ್ಲ. ಒಂದು ಪಿಪೆರಿಡಿನ್ ಉಂಗುರ, ಒಂದು ಪಿಪೆರಜಿನ್ ಉಂಗುರ, ನಡುವೆ ಒಂದೇ ಒಂದು ಇಂಗಾಲ. ಆ ಒಂದು ಇಂಗಾಲ ಬಾಗಿಲಿನ ತಿರುಗಣಿ ಇದ್ದ ಹಾಗೆ. ಎಆರ್‌ವಿ-471ರ ತೂಕ 724ಕ್ಕೆ ಇಳಿದಿದೆ. ಉಂಗುರದ ನೈಟ್ರೋಜನ್ ನೀರಿನಲ್ಲಿ ಕರಗುವುದಕ್ಕೂ ನೆರವಾಗುತ್ತದೆ. ಅಂದಹಾಗೆ ಪಿಪೆರಿಡಿನ್ ಅನ್ನುವ ಹೆಸರು ಬಂದದ್ದು ಕಾಳುಮೆಣಸಿನಿಂದ. ಮೆಣಸಿನ ಖಾರದ ಪೈಪೆರಿನ್ ಅನ್ನು ಒಡೆದರೆ ಸಿಗುವುದು ಅದು. ಮೇಲೆ ಪ್ರಶ್ನೆ ಕೇಳಿದ ಶಿರಸಿಯವರ ತೋಟದಲ್ಲೂ ಅಡಿಕೆ ಮರಕ್ಕೆ ಹಬ್ಬಿಕೊಂಡಿರಬಹುದು.

ಬಳುಕಿನ ಪರವಾಗಿ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಜೀವಕೋಶದ ಪೊರೆ ಎಣ್ಣೆಯಂಥದ್ದು. ಒಳ್ಳೆಯ ಹಗ್ಗ ಪೊರೆಯ ಹತ್ತಿರ ಬಂದಾಗ ಮುದುರಿಕೊಂಡು ನೀರು ಬೇಡುವ ಭಾಗಗಳನ್ನು ಒಳಗೆ ಅಡಗಿಸಿಕೊಳ್ಳುತ್ತದೆ, ದಾಟಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಇದನ್ನು ಎನ್‌ಎಂಆರ್ ಎಂಬ, ಅಣುವಿನ ಭಂಗಿ ತೋರಿಸುವ ಯಂತ್ರದಲ್ಲಿ ನೋಡಿದ್ದಾರೆ. ಪೂರ್ತಿ ಬಿಗಿದ ಕೋಲಿಗೆ ಈ ಆಟ ಬರುವುದಿಲ್ಲ. ಅತ್ತ ಚುಲ್ಲಿ ಅವರ ಗುಂಪು 2020ರಲ್ಲಿ ಎಂಜೆಡ್1ಕ್ಕೆ ಇನ್ನೊಂದು ಹಗ್ಗ ಸೇರಿಸಿ ಇಡೀ ಅಣುವನ್ನು ಬಳೆಯ ಹಾಗೆ ಮಾಡಿ ನೋಡಿತು. ಬಿಆರ್‌ಡಿ4ರ ಮೇಲಿನ ಹಿಡಿತ 12 ಪಟ್ಟು ಸಡಿಲವಾಯಿತು. ಆದರೂ ಜೀವಕೋಶದಲ್ಲಿ ಕೆಲಸ ಹೆಚ್ಚುಕಡಿಮೆ ಎಂಜೆಡ್1ರಷ್ಟೇ. ಹಿಡಿತದಲ್ಲಿ ಕಳೆದುಕೊಂಡದ್ದನ್ನು ಸರಿಯಾದ ಭಂಗಿಯಲ್ಲಿ ಗಳಿಸಿಕೊಂಡಿತು.

ಪ್ರಶ್ನೆ: ಪೆಗ್ ಹಾಕಿ ಕೆಲಸ ಮಾಡುತ್ತಿದ್ದೆ ಅಂತ ಬಹಿರಂಗವಾಗಿ ಬರೆಯುವ ಧೈರ್ಯ ಮೆಚ್ಚಿದೆ! (ಮೈಸೂರಿನ ಓದುಗರು)

ಈ ಜೋಕಿಗೆ ಲ್ಯಾಬ್‌ನಲ್ಲಿ ವಾರಕ್ಕೊಮ್ಮೆ ನಗುವುದು ಕಡ್ಡಾಯವಾಗಿತ್ತು. ಪಾಲಿಇಥಿಲೀನ್ ಗ್ಲೈಕಾಲ್ ಅನ್ನುವುದರ ಚಿಕ್ಕ ಹೆಸರು ಅದು. ಮಲಬದ್ಧತೆಗೆ ನೀರಲ್ಲಿ ಕಲಸಿ ಕುಡಿಯಲು ಡಾಕ್ಟರ್ ಬರೆದುಕೊಡುವ ಪುಡಿಯೂ ಇದೇ ಜಾತಿ, ಸರ ಮಾತ್ರ ತುಂಬಾ ಉದ್ದ.

ಪ್ರಶ್ನೆ: ಈ ಹಗ್ಗವನ್ನು ಕೈಯಾರೆ ಹೇಗೆ ಮಾಡುತ್ತೀರಿ? ಕಣ್ಣಿಗೆ ಕಾಣುತ್ತದೆಯೇ? (ಸಾಗರದ ಹೈಸ್ಕೂಲ್ ಮೇಷ್ಟ್ರು)

ಮೇಷ್ಟ್ರೇ, ಫ್ಲಾಸ್ಕಿನಲ್ಲಿ ಜೇನುತುಪ್ಪದ ಹಾಗೆ ಕಾಣುತ್ತದೆ. ಬಣ್ಣ ಅಷ್ಟಿಲ್ಲ, ಅಂಟು ಮಾತ್ರ ಅದಕ್ಕಿಂತ ಜಾಸ್ತಿ. ಪುಡಿಯಾದರೆ ಚಮಚದಲ್ಲಿ ತೂಗಬಹುದು. ಇದನ್ನು ಗಾಜಿನ ಪಿಪೆಟ್ಟಿನ ತುದಿಯಲ್ಲಿ ಎತ್ತಿ, ಬೀಳುವವರೆಗೆ ಉಸಿರು ಹಿಡಿದು ಕಾಯಬೇಕು.

ದೊಡ್ಡ ತಲೆನೋವು ಅದನ್ನು ಹುಡುಕುವುದು. ರಿಯಾಕ್ಷನ್ ಮುಗಿಯಿತಾ ಅಂತ ನೋಡಲು ಟಿಎಲ್‌ಸಿ ಹಾಕುತ್ತೇವೆ. ಸಿಲಿಕಾ ಬಳಿದ ಬೆರಳಗಲದ ಪ್ಲೇಟಿನಲ್ಲಿ ಒಂದು ಚುಕ್ಕೆ ಇಟ್ಟು, ದ್ರಾವಕದಲ್ಲಿ ನಿಲ್ಲಿಸಿ, ಮೇಲೇರಿದ ಮೇಲೆ ಯುವಿ ಲೈಟಿನಡಿ ನೋಡುವುದು. ಪೆಗ್‌ಗೆ ಯುವಿಯಲ್ಲಿ ಹೊಳೆಯುವ ಅಂಗವೇ ಇಲ್ಲ. ಪ್ಲೇಟ್ ಖಾಲಿ ಕಾಣುತ್ತದೆ. ಆಗ ಅಯೋಡಿನ್ ಬಾಟಲಿ ಬೇಕು. ಅಗಲ ಬಾಯಿಯ ಬಾಟಲಿ, ತಳದಲ್ಲಿ ಒಂದಿಷ್ಟು ಸಿಲಿಕಾ, ಅದರಲ್ಲಿ ನಾಲ್ಕು ಹರಳು ಅಯೋಡಿನ್. ಪ್ಲೇಟನ್ನು ಒಳಗಿಟ್ಟು ಮುಚ್ಚಿ ಸ್ವಲ್ಪ ಅಲ್ಲಾಡಿಸಿದರೆ ಕಂದು ಚುಕ್ಕೆ ಮೂಡುತ್ತದೆ. ಹೊರಗೆ ತೆಗೆದರೆ ಕೆಲವೇ ನಿಮಿಷದಲ್ಲಿ ಮಾಸಿಹೋಗುತ್ತದೆ, ಅಷ್ಟರೊಳಗೆ ಪೆನ್ಸಿಲಿನಲ್ಲಿ ಸುತ್ತ ಗೆರೆ ಹಾಕಬೇಕು. ಚುಕ್ಕೆ ದುಂಡಗೂ ಇರುವುದಿಲ್ಲ. ಧೂಮಕೇತುವಿನ ಹಾಗೆ ಬಾಲ ಬಿಟ್ಟಿರುತ್ತದೆ.

ನನ್ನ ಅನಾಹುತ ನಡೆದದ್ದು ಹೊಸದರಲ್ಲಿ. ಮೂರು ವಾರ, ನಾಲ್ಕು ಸ್ಟೆಪ್, 11 ಗ್ರಾಂ ಮಾಲು. ಒಂದು ತುದಿಯ ಅಮೀನಿಗೆ ಹಾಕಿದ್ದ ಮುಚ್ಚಳ ಬಿಚ್ಚಿ, ಅಭ್ಯಾಸಬಲದಲ್ಲಿ ಈಥೈಲ್ ಅಸಿಟೇಟ್ ದ್ರಾವಕ ಹಾಕಿ, ಸೆಪರೇಟಿಂಗ್ ಫನೆಲ್‌ನಲ್ಲಿ ಮೂರು ಸಲ ನೀರಿನಿಂದ ತೊಳೆದೆ. ಕೆಳಗಿನ ನೀರಿನ ಲೇಯರ್ ವೇಸ್ಟ್ ಕ್ಯಾನಿಗೆ. ಮೇಲಿನದು ದ್ರಾವಕ ಆರಿಸುವ ರೋಟಾವೇಪರ್‌ಗೆ. ಆರಿಸಿ ತೂಕ ಹಾಕಿದರೆ ಫ್ಲಾಸ್ಕ್‌ನ ಖಾಲಿ ತೂಕವೇ ಬಂತು. ತಕ್ಕಡಿ ಕೆಟ್ಟಿದೆ ಅಂತ ಪಕ್ಕದ ರೂಮಿಗೆ ಹೋಗಿ ತೂಗಿ ಬಂದೆ! ಒಂದು ತುದಿಯಲ್ಲಿ ಅಮೀನ್, ಒಂದು ತುದಿಯಲ್ಲಿ ಆಸಿಡ್, ನಡುವೆ ನೀರು ಪ್ರೀತಿಸುವ ಹಗ್ಗ. ಅದು ನೀರಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಕ್ಯಾನಿನಲ್ಲಿ ಅಷ್ಟರೊಳಗೆ ಇಡೀ ಹುಡ್‌ನವರ (ಹುಡ್ ಅಂದರೆ ಹೊಗೆ ಹೊರಗೆಳೆಯುವ, ಗಾಜಿನ ಬಾಗಿಲಿನ ಕೆಲಸದ ಗೂಡು) ಕೊಳೆನೀರು ಸೇರಿತ್ತು. ಗ್ರೂಪ್ ಲೀಡರ್ ಬೈಯಲಿಲ್ಲ. ನನ್ನ ಹುಡ್‌ನ ಗಾಜಿನ ಮೇಲೆ ಮಾರ್ಕರ್‌ನಲ್ಲಿ ‘ಮಾಲು ಕೈಗೆ ಬರುವವರೆಗೆ ಯಾವ ಲೇಯರೂ ಚೆಲ್ಲಬಾರದು’ ಅಂತ ಬರೆದು ಹೋದರು. ಎರಡು ವರ್ಷ ಅದನ್ನು ನಾನು ಒರೆಸಲಿಲ್ಲ.

ಪ್ರಶ್ನೆ: ಡೋಸ್ ಜಾಸ್ತಿ ಮಾಡಿದರೆ ಇವು ಕಡಿಮೆ ಕೆಲಸ ಮಾಡುತ್ತವಂತೆ, ನಿಜವೇ? (ಕಲಬುರಗಿಯ ಮೆಡಿಕಲ್ ಶಾಪ್ ಮಾಲೀಕರು)

ನಿಜ. ಹುಕ್ ಎಫೆಕ್ಟ್ ಅನ್ನುತ್ತಾರೆ. ಎರಡು ಎತ್ತಿಗೆ ಒಂದು ನೊಗ ಇದ್ದರೆ ಜೋಡಿಯಾಗುತ್ತದೆ. ಹತ್ತು ನೊಗ ತಂದು ಸುರಿದರೆ ಆ ಎತ್ತಿನ ಕುತ್ತಿಗೆಗೆ ಒಂದು, ಈ ಎತ್ತಿನ ಕುತ್ತಿಗೆಗೆ ಇನ್ನೊಂದು, ಎರಡರ ಆಚೆ ತುದಿಯೂ ಖಾಲಿ. ಪ್ರೋಟೀನೂ ಗಾರ್ಡೂ ಬೇರೆಬೇರೆ ಅಣು ಹಿಡಿದುಕೊಂಡು ದೂರದೂರ ಉಳಿಯುತ್ತವೆ. ಕೆನ್ನೆ ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲಿ ಈ ತೊಂದರೆ ಕಮ್ಮಿ.

ಪ್ರಶ್ನೆ: ಇವುಗಳಲ್ಲಿ ಥಾಲಿಡೊಮೈಡ್ ಇರುತ್ತದೆ ಅಂತ ಓದಿ ಗಾಬರಿಯಾಯಿತು. (ಉಡುಪಿಯ ಓದುಗರು)

ಗಾಬರಿ ಸುಮ್ನೆ ಬಂದದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು 1961ರ ಕೊನೆಗೆ ವಾಪಸಾದ ಮಾತ್ರೆ ಅದು. ಬಸುರಿಯರು ನುಂಗಿದ್ದರಿಂದ ಕೈಕಾಲು ಬೆಳೆಯದ ಮಕ್ಕಳು ಸಾವಿರಗಟ್ಟಲೆ ಹುಟ್ಟಿದರು. ಅದು ಮೈಯಲ್ಲಿ ಹಿಡಿಯುವುದು ಯಾವುದನ್ನು ಅಂತ 2010ರವರೆಗೆ ತಿಳಿದಿರಲಿಲ್ಲ. ಜಪಾನಿನ ಹಿರೋಶಿ ಹಾಂಡಾ ಅವರ ಗುಂಪು ಸೆರೆಬ್ಲಾನ್ ಎಂಬ ಪ್ರೋಟೀನನ್ನು ಹಿಡಿದುಕೊಟ್ಟಿತು. ಸೆರೆಬ್ಲಾನ್ ಒಂದು ಗಾರ್ಡ್‌ನ ಕೈ! ಹಾಗಾಗಿ ಅದೇ ಜಾತಿಯ ತುಂಡನ್ನು ಪ್ರೋಟ್ಯಾಕ್‌ನ ಒಂದು ತುದಿಗೆ ಹಾಕುತ್ತಾರೆ. ಹಗ್ಗವನ್ನು ಆ ತುಂಡಿನ ಯಾವ ಮೂಲೆಗೆ ಕಟ್ಟುತ್ತೀರಿ ಅನ್ನುವುದರ ಮೇಲೆ ಬೇಡದ ಪ್ರೋಟೀನುಗಳು ಚೂರಾಗುತ್ತವೋ ಇಲ್ಲವೋ ಎಂಬುದೂ ಬದಲಾಗುತ್ತದೆ. ಅದನ್ನು ಪರೀಕ್ಷೆ ಮಾಡಿಯೇ ಮುಂದೆ ಹೋಗುತ್ತಾರೆ. ಆದರೂ ಬಸುರಿಯರ ವಿಷಯದಲ್ಲಿ ಎಚ್ಚರ ಎಚ್ಚರವೇ.

ಪ್ರಶ್ನೆ: ನಮ್ಮ ಅಕ್ಕನಿಗೆ ಸ್ತನದ ಕ್ಯಾನ್ಸರ್. ನೀವು ಬರೆಯುವ ಈ ಔಷಧ ಸಿಗುತ್ತದೆಯೇ? (ದಾವಣಗೆರೆಯ ಓದುಗರು)

ಅಣ್ಣಾ, ನಾನು ಕೆಮಿಸ್ಟ್, ಡಾಕ್ಟರ್ ಅಲ್ಲ. ಖಚಿತವಾಗಿ ಹೇಳಬಹುದಾದ್ದನ್ನು ಮಾತ್ರ ಹೇಳುತ್ತೇನೆ. ಮೇಲೆ ಹೇಳಿದ ಎಆರ್‌ವಿ-471ಕ್ಕೆ ವೆಪ್‌ಡೆಜೆಸ್ಟ್ರಾಂಟ್ ಅಂತ ಹೆಸರಿಟ್ಟಿದ್ದಾರೆ. ಈಸ್ಟ್ರೋಜನ್ ರಿಸೆಪ್ಟರ್ ಇರುವ ಬಗೆಯ ಸ್ತನ ಕ್ಯಾನ್ಸರ್, ಅದೂ ಬೇರೆ ಕಡೆಗೆ ಹರಡಿ ಮೊದಲಿನ ಔಷಧಕ್ಕೆ ಬಗ್ಗದಿರುವವರಲ್ಲಿ ಪರೀಕ್ಷೆಯಾಗಿದೆ. 2025ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶದ ಪ್ರಕಾರ, ಇಎಸ್‌ಆರ್1 ಎಂಬ ಜೀನ್ ಬದಲಾದವರಲ್ಲಿ ರೋಗ ಮತ್ತೆ ಬೆಳೆಯದೆ ನಿಂತ ಕಾಲ ಮಧ್ಯಮ ಲೆಕ್ಕದಲ್ಲಿ 5 ತಿಂಗಳು. ಈಗಿರುವ ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ಪಡೆದವರಲ್ಲಿ 2.1 ತಿಂಗಳು. ಎಲ್ಲ ರೋಗಿಗಳನ್ನೂ ಸೇರಿಸಿ ನೋಡಿದಾಗ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಅನುಮತಿಗೆ ಅರ್ಜಿ ಹಾಕಿದರು. ಅಕ್ಕನ ಡಾಕ್ಟರನ್ನು ಎರಡು ಮಾತು ಕೇಳಿ: ರಿಪೋರ್ಟಿನಲ್ಲಿ ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಪಾಸಿಟಿವ್ ಇದೆಯೇ, ಇಎಸ್‌ಆರ್1 ಟೆಸ್ಟ್ ಮಾಡಿಸಬೇಕೇ. ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಮಾತ್ರ ಇದನ್ನು ಓದಿ ನಿಲ್ಲಿಸಬೇಡಿ.

ಪ್ರಶ್ನೆ: ಲಿಂಕರನ್ನು ಈಗ ಕಂಪ್ಯೂಟರೇ ಬರೆದುಕೊಡುತ್ತದಂತೆ? (ಬೆಂಗಳೂರಿನ ಓದುಗರು)

ಬರೆದುಕೊಡುತ್ತದೆ. ನೂರಾರು ಬರೆಯುತ್ತದೆ. ಅದರಲ್ಲಿ ಫ್ಲಾಸ್ಕಿನಲ್ಲಿ ಆಗುವಂಥದ್ದು ಯಾವುದು ಅಂತ ಆರಿಸಲು ಇವತ್ತಿಗೂ ಕೈ ಸುಟ್ಟುಕೊಂಡವರನ್ನೇ ಕರೆಯುತ್ತಾರೆ.

ಪ್ರಶ್ನೆ: ನೀವು ಮಾಡಿದ ಹಗ್ಗ ಯಾವುದಾದರೂ ಔಷಧದಲ್ಲಿ ಇದೆಯೇ? (ತುಮಕೂರಿನ ಓದುಗರು)

ನನಗೆ ತಿಳಿಯುವ ದಾರಿಯಿಲ್ಲ. ನಮ್ಮದು ಬೇರೆಯವರಿಗಾಗಿ ಮಾಡಿಕೊಡುವ ಲ್ಯಾಬ್. ಯಾವ ರೋಗ, ಯಾವ ಪ್ರೋಟೀನ್ ಅಂತ ಹೇಳುತ್ತಿರಲಿಲ್ಲ. ಎರಡೂ ಕೈಗಳು ಕೋಡ್ ನಂಬರ್ ಹೊತ್ತು ಬರುತ್ತಿದ್ದವು. ಒಂದು ಸಲ ಹೆಕ್ಸೈಲ್ ಸರದ ಒಂದು ಲಿಂಕರ್ ಜೋಡಿಸಿ, ಶುದ್ಧ ಮಾಡಲು ಕಾಲಂ ಮೇಲೆ ಕಾಲಂ ಹಾಕಿ, 40 ಮಿಲಿಗ್ರಾಂ ಕಳಿಸಿದ್ದೆವು. ಆರು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಸಾಲಿನ ಮೇಲ್ ಬಂತು: ‘ಒಂದು ಇಂಗಾಲ ಕಡಿಮೆ ಮಾಡಿ ಮತ್ತೆ ಕಳಿಸಿ.’ ಆ ಸಾಯಂಕಾಲ ನಾವು ನಾಲ್ಕೂ ಜನ ಕ್ಯಾಂಟೀನಿನಲ್ಲಿ ಮಿರ್ಚಿ ಬಜ್ಜಿ ತಿಂದೆವು. ಆರು ಇಂಗಾಲದ್ದರಲ್ಲಿ ಏನೋ ನಡೆದಿರಬೇಕು, ಇಲ್ಲದಿದ್ದರೆ ಐದರದ್ದನ್ನು ಯಾಕೆ ಕೇಳುತ್ತಾರೆ? ಬೆಳಗ್ಗೆ ಬಂದು ಐದರದ್ದನ್ನು ಶುರು ಮಾಡಿದೆವು.